ಒಳಮುಖವಾಗಿಟ್ಟ ಮೆಟ್ಟುಗಳು

ಬಹಳ ಹಿಂದೆ, ಸೂರ್ಯ ಎಲ್ಲರಿಗಿಂತ ಮೊದಲು ಮುಖ ತೋರಿಸುವ ದಿಕ್ಕಿನಲ್ಲಿ, ಕಡಲ ನಡುವೆ ಕಸುಮಿ ಎಂಬ ರಾಜ್ಯವಿತ್ತು. ಅದರ ರಾಜಧಾನಿಯಲ್ಲೊಂದು ಹಳೇಪೇಟೆ. ಎರಡೂ ಬದಿಗೆ ಕಪ್ಪು ಮರದ ಮನೆಗಳು, ಕಾಗದದ ಬಾಗಿಲುಗಳು, ನಡುವೆ ಕಲ್ಲು ಹಾಸಿದ ಬೀದಿ. ವರ್ಷಕ್ಕೊಮ್ಮೆ ಅಲ್ಲಿ ದೀಪದ ಹಬ್ಬ. ಆ ದೇಶದಲ್ಲಿ ರಾಜನೇ ಬಂದರೂ ಹೊಸ್ತಿಲ ಹೊರಗೆ ಮೆಟ್ಟು ಬಿಟ್ಟೇ ಮನೆಯೊಳಗೆ ಕಾಲಿಡಬೇಕು.

ಹಬ್ಬ ನೋಡಲು ಕುಂಬಾರರ ಹಳ್ಳಿಯಿಂದ ತಾಯೆ ಎಂಬ ಅಕ್ಕ, ಶಿನೋ ಎಂಬ ತಂಗಿ ಬಂದರು. ಬೆಳಗಿನಿಂದಲೇ ಜಡಿಮಳೆ. ಇಬ್ಬರೂ ನೆನೆದು ತೊಪ್ಪೆಯಾಗಿ ಒಂದು ಚಹಾದ ಮನೆ ಹೊಕ್ಕರು. ಶಿನೋಗೆ ಒಂದು ಚಾಳಿ. ಯಾರ ಮೆಟ್ಟು ಕಂಡರೂ ತುದಿ ಬೀದಿಯ ಕಡೆಗೆ ಬರುವಂತೆ ತಿರುಗಿಸಿಡುತ್ತಿದ್ದಳು, ಹೋಗುವವರಿಗೆ ಸಲೀಸಾಗಲೆಂದು.

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೇ ನಿಂದು! ಊರವರ ಮೆಟ್ಟಿಗೆಲ್ಲ ನೀನೇ ಯಜಮಾನಿ,” ಎಂದು ತಾಯೆ ನಕ್ಕಳು.

ಹೊರಡುವಾಗ ತಾಯೆಯ ಹುಲ್ಲಿನ ಮೆಟ್ಟು ನೀರು ಕುಡಿದು ಹರಿದಿತ್ತು. ಪಕ್ಕದಲ್ಲೇ, ಬರುವಾಗ ಅಲ್ಲಿರದ, ಕೆಂಪು ಪಟ್ಟಿಯ, ಕರಿ ಅರಗು ಬಳಿದ ಮರದ ಮೆಟ್ಟು. ಅವಳು ಕಾಲು ತೂರಿಸಿಯೇಬಿಟ್ಟಳು.

“ಅಕ್ಕಾ, ಅದು ನಿಂದಲ್ಲ!”

“ಬೀದಿ ಕೊನೇವರೆಗೆ ಹೋಗಿ ಬಂದು ಇಡ್ತೀನಿ, ಬಾ.”

ಟಕ್, ಟಕ್, ಟಕ್. ಬೀದಿಯ ಕೊನೆ ಬಂತು. ಮೆಟ್ಟು ನಿಲ್ಲಲಿಲ್ಲ. “ಶಿನೋ, ಕಾಲು ನನ್ನ ಮಾತು ಕೇಳ್ತಿಲ್ಲ!” ಎಂದು ತಾಯೆ ಕಿರುಚಿದಳು. ಶಿನೋ ಬಗ್ಗಿ ಎಳೆದಳು. ಮೆಟ್ಟು ಚರ್ಮಕ್ಕೇ ಅಂಟಿತ್ತು.

ಕೂಗು ಕೇಳಿ ಚಹಾದ ಮನೆಯ ಮುದುಕಿ ಬೀದಿ ಕೊನೆಗೆ ಓಡಿಬಂದು ಎದೆ ಬಡಿದುಕೊಂಡಳು. “ಅಯ್ಯೋ, ಅದು ಮಾಂತ್ರಿಕ ಗೊಂಜೋನ ಮೆಟ್ಟು! ಅವನ ಮನೆ ಹೊಕ್ಕವರು ದೀಪ ಆಗ್ತಾರೆ. ಹಬ್ಬದ ಕೊನೇ ನಗಾರಿ ಬಡಿದ್ರೆ ಉರಿದುಹೋಗ್ತಾರೆ!”

ಶಿನೋ ಅಕ್ಕನ ನಡುಪಟ್ಟಿ ಹಿಡಿದು ಹಿಂದೆಯೇ ಓಡಿದಳು.

ಟಕ್, ಟಕ್, ಟಕ್. ದೇವರ ಕಟ್ಟೆಯ ಮೇಲಿದ್ದ ಕಲ್ಲಿನ ನರಿ ಕತ್ತು ತಿರುಗಿಸಿತು. “ಶಿನೋ, ಇತ್ತ ನೋಡು ಮಗಳೇ,” ಎಂದಿತು, ಸತ್ತುಹೋದ ಅವಳ ತಾಯಿಯ ದನಿಯಲ್ಲೇ. ಶಿನೋ ಅಳುತ್ತಲೇ ನಡೆದಳು. ಅಕ್ಕ ಕೈತಪ್ಪಿಹೋದಾಳೆಂದು ತಿರುಗಿ ನೋಡಲಿಲ್ಲ.

ಟಕ್, ಟಕ್, ಟಕ್. ಸೇತುವೆಯ ಮೇಲೆ ಎದುರಿಗೆ ಕೊಡೆಗಳ ಹಿಂಡು ಬಂತು. ಕೊಡೆಗಳ ಕೆಳಗೆ ಮನುಷ್ಯರಿರಲಿಲ್ಲ, ಒಂದೊಂದಕ್ಕೂ ಒಂದೊಂದು ಕಣ್ಣಿತ್ತು. ಅವು ಸುತ್ತ ಮುತ್ತಿದವು, ನಡುಪಟ್ಟಿ ಕೈಜಾರಿತು. ಶಿನೋ ಕಣ್ಣು ಮುಚ್ಚಿ, ಮಂಡಿಯೂರಿ, ಆ ಸದ್ದನ್ನೇ ಹಿಡಿದು ಕೊಡೆಗಳಡಿ ತೆವಳಿದಳು.

ಸದ್ದು ನಿಂತಿತು. ಕಣ್ಣು ತೆರೆದರೆ ಗೊಂಜೋನ ಮನೆ. ಹೊಸ್ತಿಲ ಹೊರಗೆ ಸಾಲುಸಾಲು ಕರಿ ಮೆಟ್ಟು, ಎಲ್ಲದರ ತುದಿಯೂ ಒಳಮುಖ. ಕೊನೆಯದು ತಾಯೆ ಬಿಟ್ಟದ್ದು. ಮೇಲೆ ಸೂರಿನಲ್ಲಿ ಸಾಲು ದೀಪಗಳ ಕೊನೆಗೆ ಹೊಸ ದೀಪವೊಂದು ಗಡಗಡ ನಡುಗುತ್ತಿತ್ತು. ದೂರದಲ್ಲಿ ನಗಾರಿಯವರು ಕೊನೇ ಬಡಿತಕ್ಕೆ ಕೋಲು ಎತ್ತಿಕೊಂಡರು.

“ಇನ್ನೊಂದು ದೀಪ ಬಂತಾ?” ಒಳಗಿನಿಂದ ಗೊಂಜೋನ ದನಿ.

ಶಿನೋಗೆ ಓಡಬೇಕು ಎನಿಸಿತು. ಅಕ್ಕನನ್ನು ಬಿಟ್ಟು ಹೋಗುವುದೆಲ್ಲಿಗೆ? ಏನೂ ತೋಚದೆ ಕುಕ್ಕರಿಸಿದಳು. ಆದರೆ ಕೈ ಸುಮ್ಮನಿರಬೇಕಲ್ಲ! ಎದುರಿದ್ದ ಒಂದು ಜೊತೆ ಮೆಟ್ಟನ್ನು ಹಿಡಿದು ತುದಿ ಬೀದಿಯ ಕಡೆಗೆ ತಿರುಗಿಸಿಟ್ಟಿತು. ತಟ್ಟನೆ ಸೂರಿನ ಒಂದು ದೀಪ ಕೆಳಗಿಳಿದು ಮುದುಕನಾಗಿ ನಿಂತಿತು.

ಶಿನೋಗೆ ಅರ್ಥವಾಯಿತು. ಒಳಮುಖ ಸೆರೆ, ಹೊರಮುಖ ಬಿಡುಗಡೆ. ಮೆಟ್ಟುಗಳನ್ನು ಒಂದೊಂದಾಗಿ ತಿರುಗಿಸಿದಳು. ಹೊಸ್ತಿಲಿಗೆ ಒತ್ತಿಕೊಂಡಿದ್ದ ಗೊಂಜೋನ ಸ್ವಂತ ಮೆಟ್ಟನ್ನೂ ಬಿಡಲಿಲ್ಲ. ಕೊನೆಗೆ ತಾಯೆಯದು. ಅಷ್ಟರಲ್ಲಿ ಕೊನೇ ನಗಾರಿ ಬಡಿಯಿತು. ದೀಪ ಭಗ್ಗೆಂದಿತು. “ಅಕ್ಕಾ!” ಎನ್ನುತ್ತ ಶಿನೋ ಮೆಟ್ಟು ತಿರುಗಿಸಿಯೇಬಿಟ್ಟಳು. ತಾಯೆ ಬರಿಗಾಲಲ್ಲಿ ಅವಳ ಮಡಿಲಿಗೆ ಬಿದ್ದಳು.

“ಯಾರೇ ಅದು?” ಗೊಂಜೋ ಹಾರಿಬಂದ. ಮೆಟ್ಟು ತಿರುಗಿದ್ದು ನೋಡದೆ ಕಾಲು ತೂರಿಸಿದ. ಟಕ್, ಟಕ್, ಟಕ್. ಜನರನ್ನು ಒಳಗೆ ಎಳೆದು ತರುತ್ತಿದ್ದ ಮಂತ್ರ ಅವನನ್ನು ಹೊರಗೆ ಎಳೆದೊಯ್ಯಿತು. ಬೀದಿ ದಾಟಿಸಿತು, ಸೇತುವೆಯನ್ನು ಬಿಟ್ಟು ತುಂಬಿದ ಹೊಳೆಗೇ ಇಳಿಸಿತು. ಮಾಡಿದ್ದುಣ್ಣೋ ಮಹಾರಾಯ. ಕೊಡೆಗಳು ಬರೀ ಕೊಡೆಗಳಾದವು, ನರಿ ಬರೀ ಕಲ್ಲಾಯಿತು, ದೀಪವಾಗಿದ್ದವರೆಲ್ಲ ತಮ್ಮ ತಮ್ಮ ಮನೆ ಸೇರಿದರು.

ಅಕ್ಕತಂಗಿಯರು ನೆನೆಯುತ್ತಲೇ ಹಳ್ಳಿಗೆ ಬಂದರು. ಶಿನೋ ತನ್ನ ಹುಲ್ಲಿನ ಮೆಟ್ಟು ಬಿಟ್ಟು ಒಳಗೆ ಹೋದಳು. ಹಿಂದೆ ಬಂದ ತಾಯೆ ಹೊಸ್ತಿಲಲ್ಲಿ ಮಂಡಿಯೂರಿ, ಕೆಸರಾದ ಆ ಮೆಟ್ಟನ್ನು ಸೆರಗಿನಲ್ಲಿ ಒರೆಸಿ, ತುದಿ ಬೀದಿಯ ಕಡೆಗೆ ಬರುವಂತೆ ತಿರುಗಿಸಿಟ್ಟಳು. ಆಮೇಲೆ ಎಷ್ಟು ಮಳೆಗಾಲ ಬಂದರೂ ಮಳೆ ಹೊರಗಿತ್ತು, ಅವರು ಒಳಗೆ ಬೆಚ್ಚಗಿದ್ದರು.