ತೊಟ್ಟಿಯ ಕೆಳಗಿನ ಎರಡು ಕ್ಯಾನ್

"ಸೊಪ್ಪು ಬೇಕಿದ್ರೆ ತರಕಾರಿ ಮಾರ್ಕೆಟ್ಟಿಗೆ ಹೋಗಿ ಸಾರ್! ಮೀನಿನ ತೊಟ್ಟಿಯಲ್ಲಿ ಯಾರಾದ್ರೂ ಹುಲ್ಲು ಬೆಳೀತಾರಾ?"

ಗಿರಾಕಿಗೆ ನೀರುಗಿಡ ಕಟ್ಟಿಕೊಡುತ್ತಿದ್ದ ಲೋಕ್-ಯೀ ತಟ್ಟನೆ ತಿರುಗಿದಳು.

ಮೊಂಗ್‌ಕಾಕ್‌ ಪೇಟೆಯ ಸಾಕುಮೀನಿನ ಬೀದಿಯಲ್ಲಿ ಎದುರಿನ ಸಮುದ್ರಮೀನಿನ ಅಂಗಡಿಗೆ ಹೊಸದಾಗಿ ಸೇರಿದ್ದ ಕಾಮ್-ಫಾಯ್! ಸಾಲದ್ದಕ್ಕೆ, ಅವಳ ಹಾಗೇ ಮೂಗೆಳೆದು, "ಈ ಎಲೆಗೆ ಬೆಳಕು ಜಾಸ್ತಿ ಆಗ್ಬಾರ್ದೂ..." ಎಂದು ಅಣಕಿಸಿದ. ಗಿರಾಕಿ ನಕ್ಕೇಬಿಟ್ಟ.

"ಉಪ್ಪು ಕಲಸೋದೂ ಒಂದು ವಿದ್ಯೇನಾ? ನಮ್ಮಜ್ಜಿ ಜೀವನವಿಡೀ ಉಪ್ಪುಮೀನು ಒಣಗಿಸಿದ್ರು. ಅವರನ್ನ ಪ್ರೊಫೆಸರ್ ಅನ್ಬೇಕಿತ್ತು ಹಾಗಾದ್ರೆ!" ಎಂದು ಅವಳು ತಿರುಗೇಟು ಕೊಟ್ಟಳು.

ಮರುದಿನ ಅವನು ಎರಡು ಲೋಟ ಹಾಲಿನ ಚಹಾ ಹಿಡಿದು ಬಂದ. "ಒಂದು ಪ್ರೊಫೆಸರ್ ಮೊಮ್ಮಗಳಿಗೆ" ಎಂದ.

ಎರಡು ವರ್ಷವಾಯಿತು. ಅಕ್ಟೋಬರಿನಲ್ಲಿ ಇಬ್ಬರ ಮದುವೆ ಎಂದು ನಿಶ್ಚಯವಾಯಿತು. ಬಾಡಿಗೆ ಮನೆ ಮುನ್ನೂರು ಚದರಡಿ. ಮಂಚ, ಮೇಜು ಇಟ್ಟ ಮೇಲೆ ಒಂದೇ ಒಂದು ತೊಟ್ಟಿಗೆ ಜಾಗ.

ಸಿಹಿನೀರಿನ ಗಿಡದ ತೊಟ್ಟಿಯೋ? ಉಪ್ಪುನೀರಿನ ಸಮುದ್ರದ ತೊಟ್ಟಿಯೋ?

ಏಳು ವರ್ಷದಿಂದ ಊರವರ ಮನೆಗೆಲ್ಲ ಹಸಿರು ತೊಟ್ಟಿ ಕಟ್ಟಿಕೊಟ್ಟವಳಿಗೆ ತನ್ನದೆನ್ನುವ ಒಂದೂ ಇರಲಿಲ್ಲ. ಅವನ ಬಳಿಯೋ... ತೀರಿಹೋದ ತಾಯಿ ಹದಿನಾಲ್ಕು ವರ್ಷ ಸಾಕಿದ ಜೋಡಿ ಕ್ಲೌನ್ ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಸಮುದ್ರಮೀನು.

"ಅಮ್ಮನ ಮೀನು ಇರೋವರೆಗೆ ಸಮುದ್ರ ಇರ್ಲಿ ಕಣೇ. ಆಮೇಲೆ ನಿನ್ನ ಗಿಡದ ಕಾಡು. ಆಣೆಗೂ!"

"ಹೂಂ" ಎಂದಳು. ಆಸೆಯನ್ನು ನುಂಗಿಕೊಂಡಳು.

ಆಗಸ್ಟಿನ ಸೆಖೆಯಲ್ಲಿ ಅವನು ಅಂಗಡಿಗೆ ಸಮುದ್ರಮೀನು ತರಲು ಹನ್ನೆರಡು ದಿನ ಮನಿಲಾಕ್ಕೆ ಹೊರಟ. ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಲೇ ಹೇಳಿದ: "ಫ್ಯಾನ್ ಗಾಳಿಗೆ ತೊಟ್ಟಿ ನೀರು ಇಳಿಯುತ್ತೆ. ಕೆಳಗಡೆ ಕ್ಯಾನಿಂದ ದಿನಾ ಗೆರೆವರೆಗೆ ತುಂಬಿಸು, ಅಷ್ಟೇ."

ಕೆಳಗೆ ಎರಡು ಕ್ಯಾನ್ ಇದ್ದವು. ಒಂದರಲ್ಲಿ ಶುದ್ಧ ನೀರು. ಇನ್ನೊಂದರಲ್ಲಿ ಉಪ್ಪು ಕಲಸಿಟ್ಟ ನೀರು.

ಸಮುದ್ರದ ಮೀನಿಗೆ ಸಮುದ್ರದ ನೀರೇ ತಾನೇ! ದಿನಾ ಅಕ್ಕರೆಯಿಂದ ಉಪ್ಪುನೀರು ಸುರಿದಳು. ಆರುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದು ದಿನದಿನಕ್ಕೆ ಏರುತ್ತದೆ ಎಂಬುದು ಗಿಡದವಳಿಗೆ ಹೊಳೆಯಲೇ ಇಲ್ಲ.

ಅವನು ಬಂದಾಗ ಎರಡೂ ಮೀನು ಬಿಳುಚಿ, ಸತ್ತು ತಳದಲ್ಲಿ ಬಿದ್ದಿದ್ದವು. ಅವನು ಉಪ್ಪಿನಂಶ ಅಳೆಯುವ ಕೊಳವೆಯನ್ನು ಎತ್ತಿ ನೋಡಿದ.

"ಉಪ್ಪುನೀರು ಹಾಕಿದ್ದೀಯ..."

"ಫಾಯ್, ನನಗೆ ಗೊತ್ತಾಗ್ಲಿಲ್ಲ..."

"ಏಳು ವರ್ಷ ತೊಟ್ಟಿ ಕಟ್ಟಿದವಳಿಗೆ ಗೊತ್ತಾಗ್ಲಿಲ್ವಾ? ನಿನಗೆ ಕಾಡು ಬೇಕಿತ್ತು. ಒಂದು ಮಾತು ಕೇಳಿದ್ರೆ ಕೊಡ್ತಿದ್ದೆ. ಅಮ್ಮನ ಮೀನು ಕೊಲ್ಬೇಕಿತ್ತಾ?"

ಕೊಲ್ಲುವುದಾ? ಇವನು ನನ್ನನ್ನು ಹಾಗೆ ನೋಡಬಲ್ಲನಾ?!

ಅವಳು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಮದುವೆಯಿಲ್ಲದೆ ಅಕ್ಟೋಬರ್ ಬಂದು ಹೋಯಿತು. ಎದುರುಬದುರು ಅಂಗಡಿ, ನಡುವೆ ಹತ್ತು ಹೆಜ್ಜೆ. ಒಂದು ಮಾತೂ ದಾಟಲಿಲ್ಲ. ಬೀದಿಯವರೆಲ್ಲ ನಗಿಸು ಎಂದು ಕೇಳಿದರೂ ಅವನು ಯಾರನ್ನೂ ಅಣಕಿಸಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಅವನೇ ಬಂದು ಅವಳ ಗಲ್ಲಾದ ಮುಂದೆ ನಿಂತ.

"ಯಾವ ಕ್ಯಾನ್ ಅಂತ ನಾನು ಹೇಳ್ಲೇ ಇಲ್ಲ."

ನೀರುಗಿಡ ಸವರುತ್ತಿದ್ದ ಅವಳ ಕತ್ತರಿ ನಿಂತಿತು.

"ಯಾವಾಗ ಗೊತ್ತಾಯ್ತು?"

"ಅವತ್ತೇ. ನೀನು ಮೆಟ್ಟಿಲು ಇಳಿಯೋ ಮುಂಚೆ."

"ನಾಲ್ಕು ತಿಂಗಳು ಸುಮ್ನಿದ್ದೆ!"

"ತಪ್ಪು ನಂದು ಅಂದ್ರೆ ಅಮ್ಮನ ಮೀನು ಕೊಂದವನು ನಾನೇ ಆಗ್ತೀನಿ. ನಿನ್ನ ಮೇಲೆ ಹಾಕೋದು ಸುಲಭವಾಗಿತ್ತು, ಯೀ. ತೊಟ್ಟಿ ತೊಳೆದಿಟ್ಟಿದ್ದೀನಿ. ನಿನ್ನ ಕಾಡು ಕಟ್ಟು. ಬಾ."

ಕಣ್ಣು ತುಂಬಿದರೂ ಅವಳು ಕೈಯಿಂದ ಒರೆಸಲಿಲ್ಲ.

"ಪರಿಹಾರ ಅಂತ ಕೊಟ್ಟ ಕಾಡು ನನಗೆ ಬೇಡ. ಅದನ್ನ ನೋಡಿದಾಗೆಲ್ಲ ನಿನಗೆ ಆ ಮೀನು, ನನಗೆ ನಿನ್ನ ಮಾತು ನೆನಪಾಗುತ್ತೆ. ಸಮುದ್ರಾನೇ ಇಡು. ಈ ಸಲ ನನಗೆ ಎಲ್ಲಾ ಕಲಿಸು. ಬೂಟು ಕಟ್ತಾ ಅಲ್ಲ, ಎದುರು ಕೂತು."

"ಅಂದ್ರೆ... ಕ್ಷಮಿಸಿದ್ಯಾ?"

"ಇಲ್ಲ."

ಅವಳೇ ಮತ್ತೆ ಕೇಳಿದಳು:

"ಹೊಸ ತೊಟ್ಟಿಗೆ ಮೀನು ಬಿಡೋಕೆ ಮುಂಚೆ ಎಷ್ಟು ದಿನ ಬರೀ ನೀರು ಓಡಿಸ್ಬೇಕು?"

"ಆರು ವಾರ..."

"ನನಗೂ ಅಷ್ಟು ಬೇಕು."

"ಅಷ್ಟರಲ್ಲಿ ಆಗ್ದೇ ಇದ್ರೆ?"

ಅವಳು ಕತ್ತರಿ ಕೆಳಗಿಟ್ಟು, ನೀರು ತೊಟ್ಟಿಕ್ಕುತ್ತಿದ್ದ ಕೈಯನ್ನು ಅವನ ಕೈಯೊಳಗೆ ಇಟ್ಟಳು.

"ಇನ್ನೂ ಆರು ವಾರ."