ತಂಗಿಯ ಕಫದಲ್ಲಿ ಓಡಿದ ಚುಕ್ಕೆಗಳು

ಮೊದಲ ಸಲ ಕಂಡಾಗ ಅವನು ನನ್ನನ್ನು ರೋಗಿ ಎಂದುಕೊಂಡಿದ್ದ. ನನ್ನ ಕೈಯಲ್ಲಿ ಐಸ್ ಡಬ್ಬಿ, ಮುಖಕ್ಕೆ ಮಾಸ್ಕ್.

"ಕಫ ಕೊಡೋದು ಕೆಳಗಡೆ ಮೇಡಂ. ಇದು ಲ್ಯಾಬು" ಎಂದ, ತೀರಾ ವಿನಯದಿಂದ.

"ಗೊತ್ತು. ಇವತ್ತಿಂದ ನಾನೂ ಇಲ್ಲೇ ಕೆಲಸಕ್ಕೆ. ಡಬ್ಬೀಲಿರೋದು ನನ್ನ ತಂಗೀದು."

ಅವನ ಕಿವಿ ಕೆಂಪಾಯಿತು. ಆ ಕೆಂಪು ಮೆಲ್ಲಗೆ ಇಳಿಯುವುದನ್ನು ಕದ್ದು ನೋಡಿದೆ. ನಾನು ಪ್ರೀತಿಗೆ ಬಿದ್ದದ್ದು ಅಲ್ಲೇ.

ಏನು ಕೇಳಿದರೂ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದ. ಅದಕ್ಕೇ ಮೇಷ್ಟ್ರು ಎಂದು ಹೆಸರಿಟ್ಟೆ. ಕಫವೆಂದರೆ ಬಲೆಯಂತೆ. ತೆಳ್ಳಗಿದ್ದರೆ ಬಲೆಯ ಕಣ್ಣು ದೊಡ್ಡದು, ಔಷಧಿ ಹೊತ್ತ ಕಣ ನುಸುಳಿ ಹೋಗುತ್ತದೆ. ಗಟ್ಟಿಯಾದಷ್ಟೂ ಕಣ್ಣು ಕಿರಿದು, ಕಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ತಂಗಿಯದು ಹುಟ್ಟಿನಿಂದಲೂ ಅಂಟಿನಂಥ ಕಫ. ಅದರೊಳಗೂ ಜಾರಿಹೋಗಲೆಂದು ಅವನು ಕಣಗಳಿಗೆ ಹೊಸ ಲೇಪ ಕೊಡುತ್ತಿದ್ದ.

ಒಂದು ಮಧ್ಯಾಹ್ನ ನನ್ನನ್ನು ಮೈಕ್ರೋಸ್ಕೋಪಿನ ಪರದೆಯ ಮುಂದೆ ಕೂರಿಸಿದ. ದಿನವೂ ನಿಂತಲ್ಲೇ ನಿಂತಿರುತ್ತಿದ್ದ ಔಷಧಿಯ ಕಣಗಳು, ಆ ಹಸಿರು ಚುಕ್ಕೆಗಳು, ಅಂದು ಶಾಲೆ ಬಿಟ್ಟ ಮಕ್ಕಳಂತೆ ಓಡುತ್ತಿದ್ದವು.

"ಯಾರ ಕಫ ಇದು?"

"ನಿನ್ನ ತಂಗೀದು."

ಅಳು ತಡೆಯಲಾಗಲಿಲ್ಲ. ಕರ್ಚೀಫ್ ಸಿಗದೆ ಅವನು ತನ್ನ ಬಿಳಿ ಕೋಟಿನ ತೋಳನ್ನೇ ಚಾಚಿದ.

"ಒರೆಸ್ಕೋ. ಹಾಗೇ ಒಂದ್ ಮಾತು. ನನ್ನ ಮದ್ವೆ ಆಗ್ತೀಯಾ?"

"ಇಷ್ಟು ಅಳೋವಾಗ್ಲಾ ಕೇಳೋದು, ಮೇಷ್ಟ್ರೇ?"

"ನಗೋವಾಗ ಕೇಳಿದ್ರೆ ತಮಾಷೆ ಅಂತೀಯ."

ಹೂಂ ಎಂದೆ.

ತಂಗಿ ಅಂದಿನಿಂದಲೇ ಅವನನ್ನು ಭಾವ ಎಂದು ಕರೆಯತೊಡಗಿದಳು. ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಅದಕ್ಕಾಗಿ ಹಳೆಯ ಔಷಧಿ ನಿಲ್ಲಿಸಬೇಕಿತ್ತು. "ಭಾವ ಮಾಡಿದ್ ಔಷಧಿ ಅಂದ್ಮೇಲೆ ಭಯ ಏನು?" ಎಂದು ನಗುತ್ತಲೇ ಸಹಿ ಹಾಕಿದಳು. ಪಕ್ಕದಲ್ಲಿ ಅವನೂ ನಕ್ಕ.

ಪರೀಕ್ಷೆಗೆ ಇನ್ನು ಒಂಬತ್ತು ದಿನ. ಅಂದು ಅವನು ರಜೆಯಲ್ಲಿದ್ದ. ಓಡುವ ಚುಕ್ಕೆಗಳನ್ನು ತಂಗಿಗೆ ತೋರಿಸುವ ಆಸೆಯಿಂದ ಅವಳ ಕಫವನ್ನು ಹೊಸದಾಗಿ ತಂದು ನಾನೇ ನೋಡಿದೆ. ಒಂದು ಚುಕ್ಕೆಯೂ ಮುಂದೆ ಸರಿಯಲಿಲ್ಲ, ಎಲ್ಲವೂ ನಿಂತಲ್ಲೇ ನಡುಗುತ್ತಿದ್ದವು. ಮೂರು ಸಲ ನೋಡಿದೆ. ತಪ್ಪು ನನ್ನದೇ ಇರಬೇಕೆಂದು ಅವನ ನೋಟ್‌ಬುಕ್ ತೆರೆದೆ. ಆ ಮಧ್ಯಾಹ್ನದ ಪುಟದಲ್ಲಿ ಅವನ ದುಂಡು ಅಕ್ಷರ: 'ತುಂಬಾ ಗಟ್ಟಿ. ಉಪ್ಪುನೀರು ಬೆರೆಸಿ ತೆಳು ಮಾಡಿದೆ.'

ಪರೀಕ್ಷೆಗೆ ಆಧಾರವಾಗಿದ್ದ, ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದ ಅವನ ಲೇಖನದಲ್ಲಿ ಆ ಮಾತೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಬಳಿಯೇ ತಡೆದು ಕೇಳಿದೆ. "ನೀರು ಬೆರೆಸಿದ್ಯಾ?"

ಅವನು ಕೂತುಬಿಟ್ಟ. "ದಿನಾ ಅಷ್ಟು ಆಸೆಯಿಂದ ಬಂದು ಕೂರ್ತಿದ್ದೆ ನೀನು. ನಿಂತ ಚುಕ್ಕೆ ತೋರಿಸಿ ತೋರಿಸಿ ಸಾಕಾಗಿತ್ತು. ಒಂದ್ಸಲ ನೀನು ನಗ್ಲಿ ಅಂತ ಮಾಡ್ದೆ. ಲ್ಯಾಬಿನ ದೊಡ್ಡ ಮೇಡಂ ನಿಜ ಅಂದ್ಕೊಂಡು ಅದನ್ನೇ ಲೇಖನಕ್ಕೆ ಹಾಕು ಅಂದ್ರು. ಆಮೇಲೆ ಬಾಯಿ ಬಿಡೋಕೆ ಆಗ್ಲಿಲ್ಲ."

"ಅವಳು ಹಳೇ ಔಷಧಿ ಬಿಡ್ಬೇಕು ಅಂತ ಗೊತ್ತಿತ್ತಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ, ಅವಳು ಭಾವ ಅಂದಾಗ ನಕ್ಕೆಯಲ್ಲೋ!"

ಅವನು ತಲೆ ಎತ್ತಲಿಲ್ಲ. "ನಿನ್ನ ಪ್ರೀತಿಸಿದ್ದು ಸುಳ್ಳಲ್ಲ."

"ಇರ್ಬಹುದು. ನಾನು ಹೂಂ ಅಂದಿದ್ದು ಮಾತ್ರ ಸುಳ್ಳಿಗೆ."

ನಾನು ನೋಟ್‌ಬುಕ್ ಹಿಡಿದು ದೊಡ್ಡ ಮೇಡಂ ಕೋಣೆಯ ಕಡೆ ಹೊರಟೆ. ಅವನು ಹಿಂದಿನಿಂದ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡ. "ಬೇಡ, ನಾನೇ ಹೇಳ್ತೀನಿ."

ಹೇಳಿದ, ಒಂದನ್ನೂ ಮುಚ್ಚಿಡದೆ. ಪರೀಕ್ಷೆ ನಿಂತಿತು, ಲೇಖನ ವಾಪಸ್ಸಾಯಿತು, ಅವನ ಕೆಲಸ ಹೋಯಿತು. ತಂಗಿ ಎರಡು ದಿನ ನನ್ನೊಡನೆಯೂ ಮಾತಾಡಲಿಲ್ಲ.

ಕೊನೆಯ ದಿನ ಬೀರುವಿನ ಕೀಲಿ ಒಪ್ಪಿಸಲು ಬಂದ. ಗಡ್ಡ ಬೆಳೆದಿತ್ತು. ಮುಟ್ಟಬೇಕೆನಿಸಿತು, ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

"ತಂಗಿ ಹತ್ರ ಒಂದ್ಸಲ ಕ್ಷಮೆ ಕೇಳ್ಲಾ?"

"ಕೇಳು. ಬೈತಾಳೆ, ಆಮೇಲೆ ಕ್ಷಮಿಸ್ತಾಳೆ. ನನ್ನ ಹತ್ರ ಮಾತ್ರ ಕೇಳ್ಬೇಡ."

"ಯಾಕೆ?"

"ಕೇಳಿದ್ರೆ ನಾನೂ ಕ್ಷಮಿಸಿಬಿಡ್ತೀನಿ."

ಅವನ ತುಟಿ ಅಲುಗಿತು. ಆದರೂ ಕೇಳಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟ. ಅವನು ಮೆಟ್ಟಿಲಿಳಿದು ಹೋಗುವ ತನಕ ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.