ಮೇಲಿನ ಹಾಸಿಗೆ

ಇದು ೨೦೦೪ರಲ್ಲಿ ಹಲಸೂರಿನ ನಮ್ಮ ಬಾಡಿಗೆ ಮನೆಯಲ್ಲಿ ನಡೆದದ್ದು. ಮಕ್ಕಳ ಕೋಣೆ ಚಿಕ್ಕದಿತ್ತು. ಬಂಕ್ ಬೆಡ್ ಮಾಡಿಸೋಣವೆಂದು ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಶಿವಾಜಿನಗರದ ಬಡಗಿ ದಸ್ತಗೀರ್ ಸಾಹೇಬರ ಅಂಗಡಿಗೆ ಹೋದೆ. ಡಿಸೈನ್ ಪುಸ್ತಕದಲ್ಲಿ ದೊಡ್ಡವಳು ತನ್ಮಯಿ, ಒಂದರ ಕೆಳಗಿಂದ ಇನ್ನೊಂದನ್ನು ಎಳೆದುಕೊಳ್ಳುವ ತಗ್ಗು ಮಂಚ ತೋರಿಸಿದಳು. ಓಡಾಡಲು ಜಾಗ ಉಳಿಯದೆಂದು ನಾನು ಏಣಿಯಿರುವ ಎತ್ತರದ್ದನ್ನು ಆರಿಸಿದೆ.

"ಮಲಗೋರು ಅವ್ರಲ್ವಾ ಅಮ್ಮಾ, ಅವ್ರನ್ನೇ ಕೇಳಿ," ಎಂದರು ಸಾಹೇಬರು. ನಾನು ಕೇಳಲಿಲ್ಲ.

ಮಂಚ ಬಂತು; ಮೇಲೆ ತನ್ಮಯಿ, ಕೆಳಗೆ ತಂಗಿ ಎಂದಾಯಿತು. ವಾರದೊಳಗೆ ತನ್ಮಯಿ, "ಅಮ್ಮ, ಮೇಲೆ ಆಗ್ಲೇ ಯಾರೋ ಮಲಗಿರ್ತಾರೆ," ಎಂದಳು. ತಂಗಿಯ ಜೊತೆ ಕೆಳಗೆ ಮಲಗಲು ನೆಪವೆಂದುಕೊಂಡು ಗದರಿದೆ. ಮೂರು ತಿಂಗಳು ಅವಳು ಮತ್ತೆ ಆ ಮಾತೆತ್ತಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಸೆಕೆ ಶುರುವಾಯಿತೆಂದು ಮೇಲಿನ ರಗ್ಗು ತೆಗೆಯಲು ಹತ್ತಿದೆ. ಹಾಸಿಗೆಯ ಹೊರಬದಿ ಮಾತ್ರ, ಒಂದು ಮಗುವಿನ ಉದ್ದಕ್ಕೆ, ತಣ್ಣಗೆ ಕೊರೆಯುತ್ತಿತ್ತು. ಒದ್ದೆಯಿರಲಿಲ್ಲ. ದಿಂಬು ಕೊಡವಿ ಇಟ್ಟೆ. ನೋಡುತ್ತಿದ್ದಂತೆ ಅದು ನಡುವೆ ಮೆಲ್ಲಗೆ ತಗ್ಗಿತು. ನಾನು ಇಳಿದುಬಿಟ್ಟೆ.

ನೆಲದ ಮೇಲೆ ಚಿತ್ರ ಬರೆಯುತ್ತಿದ್ದ ತನ್ಮಯಿ ತಲೆಯೆತ್ತದೆ ಹೇಳಿದಳು: "ರಗ್ಗು ತೆಗೀಬೇಡಮ್ಮ, ಅವಳಿಗೆ ಚಳಿಯಾಗತ್ತೆ."

"ಇಷ್ಟು ದಿನ ನೀನೆಲ್ಲಿ ಮಲಗ್ತಿದ್ದೆ?"

"ಗೋಡೆ ಕಡೆ. ನೀನು ಬೈತೀಯ ಅಂತ ಹೇಳ್ಲಿಲ್ಲ."

ಮರುದಿನವೇ ಮಂಚ ಬಿಚ್ಚಿಸಿದೆ. ನನ್ನ ಹಟಕ್ಕೆ ಮಗಳನ್ನು ಅಷ್ಟು ದಿನ ಯಾರ ಪಕ್ಕದಲ್ಲಿ ಮಲಗಿಸಿದ್ದೆನೋ, ಇಂದಿಗೂ ಗೊತ್ತಿಲ್ಲ. ಮರ ಹೊಸದು, ಹಾಸಿಗೆ ಹೊಸದು. ಅದರ ಮೇಲೆ ತನ್ಮಯಿಯ ಹೊರತು ಯಾರೂ ಮಲಗಿದ್ದಿಲ್ಲ.